ಮೊದಲನೇ ಬೆಂಚು

ಹಳೇಬೀಡು, ಜೂನ್ 19, 1979

ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ತೆಗೆದೆ, ಯಾಕೆಂದರೆ ಇವತ್ತಿನ ಸಿಟ್ಟನ್ನು ಬಾಯಲ್ಲಿ ಆಡಿದರೆ ಜೈನನಾಗಿ ಹುಟ್ಟಿದ್ದಕ್ಕೆ ಅರ್ಥವಿಲ್ಲ, ನುಂಗಿದರೆ ಅಜೀರ್ಣ. ಬರೆದರೆ ದೋಷವಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ಷಡ್ಡಕ ಬ್ರಹ್ಮದೇವ ಬೇಲೂರಿಂದ ಬಂದಿದ್ದ. ನನ್ನ ಹೆಂಡತಿ ಕಾಂಚನಮಾಲಾಳ ತಂಗಿ ತ್ರಿಶಲಾಳ ಗಂಡ, ಹೈಸ್ಕೂಲು ಮೇಷ್ಟ್ರು. ಅಂಗಡಿಯ ಬಾಗಿಲಲ್ಲೇ ನಿಂತು ಒಂದು ಇಂಗ್ಲಿಷ್ ಪುಸ್ತಕ ಚಾಚಿದ. "ನಿಮ್ಮ ಮನೇಲಿ ನಾಲ್ಕು ತಿಂಗಳು ಇದ್ದು ಹೋದರಲ್ಲ, ಡಾಕ್ಟರ್ ಜಯದೇವಪ್ಪ, ಅವರು ಬರೆದಿರೋದು ಕಣ್ರೀ. ನಮ್ಮ ಲೈಬ್ರರಿಗೆ ಬಂದಿದೆ. ಎಂಬತ್ನಾಲ್ಕನೇ ಪುಟ ನೋಡಿ" ಅಂದ. ಅವನ ಮುಖದಲ್ಲಿ ಅಯ್ಯೋ ಪಾಪ ಅನ್ನುವ ಕಳೆಯೂ ಇತ್ತು, ಸ್ವಲ್ಪ ಸಂತೋಷವೂ ಇತ್ತು. ಷಡ್ಡಕರೆಂದರೆ ಹಾಗೇ.

ನನ್ನ ಇಂಗ್ಲಿಷು ಸ್ವಾತಂತ್ರ್ಯಕ್ಕಿಂತ ಹಳೆಯದು. ಬಿ.ಎ. ಓದುವಾಗ ಇತ್ತು, ಆಮೇಲೆ ಅದೂ ಬ್ರಿಟಿಷರ ಜೊತೆಯಲ್ಲೇ ಹೊರಟುಹೋಯಿತು. ಆದರೂ ಡಿಕ್ಷನರಿ ಇಟ್ಟುಕೊಂಡು ಕೂತೆ. ಆ ಪುಟದಲ್ಲಿ ಇರುವುದು ಇದು, ಕನ್ನಡದಲ್ಲಿ ಹೇಳುವುದಾದರೆ:

"ಪಾತ್ರೆ ಅಂಗಡಿಯವನ ಹೆಂಡತಿಗೆ ಮಕ್ಕಳಿಲ್ಲ. ಗಂಡ ಅಂಗಡಿ ಸಾಕುತ್ತಾನೆ, ಅವಳು ಉಪವಾಸ ಸಾಕುತ್ತಾಳೆ. ಸಂಜೆಯಾದರೆ ಇಬ್ಬರೂ ತಂತಮ್ಮ ಮಗುವನ್ನು ಮಲಗಿಸುತ್ತಾರೆ."

ಕಾಂಚನಮಾಲಾ ಹೋದ ಕಾರ್ತೀಕದಲ್ಲಿ ಹೋದಳು. ಅವಳು ಬಡಿಸಿದ್ದನ್ನು ಉಂಡವನು ಬರೆದ ಮಾತು ಇದು. ಬಿಡುವುದಿಲ್ಲ.

ಜೂನ್ 21

ಎರಡು ದಿನದಿಂದ ನಿದ್ದೆಯಿಲ್ಲ. ಊಟ ರಾತ್ರಿ ಒಂಬತ್ತಕ್ಕೆ. ನಮ್ಮ ಪೈಕಿ ಸೂರ್ಯ ಮುಳುಗಿದ ಮೇಲೆ ತಿನ್ನಬಾರದು, ಆದರೆ ಕೇಳುವವಳೇ ಇಲ್ಲದ ಮೇಲೆ ಸೂರ್ಯನದೇನು. ಮುಳುಗಲಿ.

ಆ ಮನುಷ್ಯ ಬಂದದ್ದು ಎಪ್ಪತ್ತೆರಡರಲ್ಲಿ. ಸಮಾಜಶಾಸ್ತ್ರದ ಸಂಶೋಧನೆ, ಬಸದಿ ಸುತ್ತಿನ ಜೈನರ ಜೀವನ ನೋಡಬೇಕು ಅಂದ. ಊರಲ್ಲಿ ಯಾರೂ ಕೋಣೆ ಕೊಡಲಿಲ್ಲ, ನಾನು ಕೊಟ್ಟೆ. ಅವನಿಗೂ ಕಾಂಚನಮಾಲಾ ಸಂಜೆ ಐದೂವರೆಗೇ ಎಲೆ ಹಾಕುತ್ತಿದ್ದಳು. ನಾನು ಅಂಗಡಿ ಮುಚ್ಚಿ ಓಡಿ ಬರುವಷ್ಟರಲ್ಲಿ ಅವನು ಅಡುಗೆಮನೆಯ ಹೊಸ್ತಿಲಲ್ಲಿ ಪೆನ್ಸಿಲು ಹಿಡಿದು ಕೂತಿರುತ್ತಿದ್ದ. ಏನೋ ಪಾಪ, ಓದುವ ಹುಡುಗ ಅಂದುಕೊಂಡಿದ್ದೆ. ಬಾಣಂತಿಗೆ ಬಡಿಸಿದ ಹಾಗೆ ತುಪ್ಪ ಬಡಿಸಿದೆವು. ಈಗ ಅವನು ಯೂನಿವರ್ಸಿಟಿಯಲ್ಲಿ ಡಿಪಾರ್ಟ್‌ಮೆಂಟಿನ ಮುಖ್ಯಸ್ಥನಂತೆ.

ಪಕ್ಕದ ಹೋಟೆಲಿನ ಮರುಳಪ್ಪನಿಗೆ ಹೇಳಿದೆ. ಬೇರೆ ಯಾರಿಗೆ ಹೇಳಲಿ?

"ಒಂದು ಕಾಗದ ಬರದು ಉಗಿಯೋ."

"ಕಾಗದ ಹರಿದು ಹಾಕ್ತಾನೆ."

"ಹೋಗಿ ಎದುರಿಗೇ ಉಗಿ."

"ಜವಾನ ಒಳಕ್ಕೆ ಬಿಡೋಲ್ಲ."

"ಹಂಗಾದ್ರೆ ಅವನ ಕಾಲೇಜಿಗೇ ಸೇರ್ಕೊಳ್ಳಲಾ. ದಿನಾ ಮುಂದ್ಗಡೆ ಕೂತು ಕಾಡು. ಫೀಸು ಕೊಟ್ಟೋನ್ನ ಹೆಂಗೆ ಓಡಿಸ್ತಾನೆ?" ಅಂತ ತನ್ನ ಮಾತಿಗೆ ತಾನೇ ನಕ್ಕು ದೋಸೆ ತಿರುವಿ ಹಾಕಿದ.

ಅವನು ನಕ್ಕ. ನಾನು ನಗಲಿಲ್ಲ.

ಜುಲೈ 3

ಅರ್ಜಿ ಫಾರಂ ಬಂತು. ಎಂ.ಎ. ಸಮಾಜಶಾಸ್ತ್ರ. ಬಿ.ಎ. ಸೆಕೆಂಡ್ ಕ್ಲಾಸು ಸಾಕಂತೆ. ನನ್ನದು ಸೆಕೆಂಡ್ ಕ್ಲಾಸೇ, ಅಂಚಿನಲ್ಲಿ ನಿಂತದ್ದು, ಹಿಂದಿನಿಂದ ಯಾರಾದರೂ ಊದಿದ್ದರೆ ಥರ್ಡಿಗೆ ಬೀಳುತ್ತಿತ್ತು. ವಯಸ್ಸಿನ ಮಿತಿ ಅಂತ ಎಲ್ಲೂ ಇಲ್ಲ. ಐವತ್ತಮೂರು ವರ್ಷದವನು ಬರಬಹುದು ಅಂತ ಅವರಿಗೆ ಹೊಳೆದೇ ಇಲ್ಲ, ಅದಕ್ಕೇ ಬೇಲಿ ಹಾಕಿಲ್ಲ.

ಯೋಜನೆ ಹೀಗೆ. ಇಂಟರ್‌ವ್ಯೂನಲ್ಲಿ ಅವನ ಜೊತೆ ಇನ್ನೂ ಇಬ್ಬರು ಮೂವರು ದೊಡ್ಡ ಮನುಷ್ಯರು ಕೂತಿರುತ್ತಾರೆ. ಅವರ ಎದುರಿಗೆ ಎಂಬತ್ನಾಲ್ಕನೇ ಪುಟ ತೆಗೆದು ಜೋರಾಗಿ ಓದುತ್ತೇನೆ. ಯಾರ ಮನೆಯ ಅನ್ನ ತಿಂದು ಇದನ್ನು ಬರೆದಿರಿ ಅಂತ ಕೇಳುತ್ತೇನೆ. ಸೀಟು ಕೊಡದಿದ್ದರೆ ಹೋಗಲಿ. ಕೊಟ್ಟರೆ ಅವನ ಕರ್ಮ: ಎರಡು ವರ್ಷ ಮೊದಲನೇ ಬೆಂಚಿನಲ್ಲಿ, ಅವನ ಮೂಗಿನ ನೇರಕ್ಕೆ.

ಜುಲೈ 9

ಬೇಲೂರಿಗೆ ಹೋಗಿದ್ದೆ, ಸರ್ಟಿಫಿಕೇಟುಗಳಿಗೆ ಅಟೆಸ್ಟ್ ಮಾಡಿಸುವುದಕ್ಕೆ. ಗೆಜೆಟೆಡ್ ಆಫೀಸರು ಇನ್ನೂ ಮೀಸೆ ಗಟ್ಟಿಯಾಗದ ಹುಡುಗ.

"ಯಾರದು ರೀ ಇದು? ಮಗಂದಾ?"

"ನಂದೇ ಸಾರ್."

"ಸಾವಿರದ ಒಂಬೈನೂರ ನಲವತ್ತೇಳು ಅಂತಿದೆಯಲ್ಲ."

"ಹೌದು, ಪಾಸಾಗಿದ್ದು ಆಗ."

"ಮತ್ತೆ ಈಗ್ಯಾಕೆ?"

"ವಿಷಯದ ಮೇಲೆ ಆಸಕ್ತಿ ಸಾರ್."

ಸುಳ್ಳಲ್ಲ. ವಿಷಯದ ಮೇಲೆ ಇಲ್ಲದಿದ್ದರೂ ವಿಷಯದ ಮುಖ್ಯಸ್ಥನ ಮೇಲೆ ಬಹಳ ಆಸಕ್ತಿ ಇದೆ. ಹುಡುಗ ಸೀಲು ಒತ್ತಿ, ಎದ್ದು ನಿಂತು ಕೈ ಕುಲುಕಿದ. ತನ್ನ ತಂದೆ ಪೇಪರು ಕೂಡ ಓದುವುದಿಲ್ಲವಂತೆ. ನನಗೆ ನಾಚಿಕೆಯಾಯಿತು, ಆದರೆ ಸೀಲು ಬಿದ್ದಿತ್ತಲ್ಲ, ಬಂದುಬಿಟ್ಟೆ.

ಫಾರಮಿನಲ್ಲಿ ತಂದೆ ಅಥವಾ ಪೋಷಕರ ಸಹಿ ಅಂತ ಒಂದು ಜಾಗ. ನನಗೆ ಪೋಷಕರು ಯಾರು? ತ್ರಿಶಲಾಳ ಮನೆಗೆ ಹೋದೆ. ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಕನ್ನಡಕ ಹಾಕಿಕೊಂಡಳು. ಅವಳಿಗೆ ಇಂಗ್ಲಿಷು ಬಾರದು, ಗಂಡ ಪಕ್ಕದಲ್ಲಿ ನಿಂತು ಹೇಳಿಕೊಟ್ಟ.

"ಭಾವ, ನೀವೇನಾದ್ರೂ ತಪ್ಪು ಮಾಡಿದ್ರೆ ನಾನು ಜವಾಬ್ದಾರಿ ಅಂತಿದೆಯಂತೆ. ಏನು ತಪ್ಪು ಮಾಡೋರಿದ್ದೀರಿ?"

"ಹೋಗ್ತಿರೋದೇ ಅದಕ್ಕೆ."

"ಅಕ್ಕನ್ನ ಬೈದು ಬರೆದಿದ್ದಾನೆ ಅಂತ ಇವರು ಹೇಳಿದ್ರು. ನನಗೆ ನಂಬಿಕೆ ಬರಲ್ಲಪ್ಪ. ಆ ಹುಡುಗ ಹಂಗಿರಲಿಲ್ಲ."

"ಹಂಗೇ ಇದ್ದ. ನೀನು ಸಹಿ ಹಾಕು."

ಹಾಕಿದಳು. ಸಂಬಂಧ: ನಾದಿನಿ. ಊಟ ಮಾಡಿಕೊಂಡೇ ಹೋಗಬೇಕು ಅಂದಳು. ಬಿಸಿಲು ಇರುವಾಗಲೇ ಬಡಿಸಿದಳು, ಅವರ ಮನೆ, ಏನು ಮಾಡುವುದಕ್ಕಾಗುತ್ತದೆ. ಹೆಸರುಬೇಳೆ ತೊವ್ವೆ ಚೆನ್ನಾಗಿತ್ತು.

ಜುಲೈ 16

ಫಾರಮಿನ ಕೊನೆಯ ಪ್ರಶ್ನೆ: ಈ ವಿಷಯವನ್ನು ಏಕೆ ಆರಿಸಿಕೊಂಡಿದ್ದೀರಿ, ಒಂದು ಪುಟ ಮೀರದಂತೆ ಬರೆಯಿರಿ. ಕನ್ನಡದಲ್ಲಾದರೂ ಆದೀತಂತೆ.

ಇಂಗ್ಲಿಷಿನಲ್ಲಿ ಶುರು ಮಾಡಿದೆ, ಹೆದರಲಿ ಅಂತ. 'ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್' ತನಕ ಕುದುರೆಯ ಹಾಗೆ ಓಡಿತು. ಆಮೇಲೆ ಕುದುರೆ ಮಲಗಿತು. ಕೊನೆಯ ಸಾಲು ಮಾತ್ರ ಪೂರ್ತಿ ನೆನಪಿದೆ: ಐ ಹ್ಯಾವ್ ದಿ ಆನರ್ ಟು ಬಿ, ಸರ್, ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್. ನಮಗೆ ಕಲಿಸಿದವರು ತಲೆ ಕಾಲು ಎರಡೂ ಸರಿಯಾಗಿ ಕಲಿಸಿದ್ದಾರೆ, ಹೊಟ್ಟೆ ಮಾತ್ರ ಕೊಟ್ಟಿಲ್ಲ.

ಕನ್ನಡದಲ್ಲಿ ಬರೆದೆ. ಮೂರು ಪುಟ ಆಯಿತು, ಎಲ್ಲಾ ಬೈಗುಳ.

ಜುಲೈ 17

ಹರಿದೆ.

ಜುಲೈ 24

ಯೋಚನೆ ಮಾಡಿ ನೋಡಿದರೆ ಬರೀ ಬೈದು ಪ್ರಯೋಜನವಿಲ್ಲ. ಆ ಸಾಲು ಸುಳ್ಳು ಅಂತ ತೋರಿಸಬೇಕು. ಮಕ್ಕಳಿಲ್ಲದ್ದಕ್ಕೆ ಅವಳು ನೋಂಪಿ ವ್ರತ ಹಿಡಿದಳು ಅನ್ನುತ್ತಾನಲ್ಲ, ಹಾಗಾದರೆ ಮಕ್ಕಳಿರುವವರು ವ್ರತ ಉಪವಾಸ ಯಾಕೆ ಮಾಡುತ್ತಾರೆ? ಸಾಕ್ಷಿ ಬೇಕು. ಅದಕ್ಕೆ ಬೆಳಿಗ್ಗೆ ಬಸ್ತಿಹಳ್ಳಿಗೆ ಹೋಗಿ, ಪೂಜೆ ಮುಗಿಸಿ ಬರುವ ಹೆಂಗಸರನ್ನು ಬಸದಿಯ ಜಗಲಿಯಲ್ಲಿ ನಿಲ್ಲಿಸಿ ಕೇಳಿದೆ.

ರತ್ನಪ್ರಭಾಳಿಗೆ ಏಳು ಮಕ್ಕಳು. "ಮನೇಲಿ ಹನ್ನೊಂದು ಜನ, ನೇಮಿರಾಜಣ್ಣ. ಉಪವಾಸದ ದಿನ ಒಂದೇ ದಿನ ನನ್ನನ್ನ ಯಾರೂ ಒಲೆ ಮುಂದೆ ಕರೆಯಲ್ಲ. ಅಮ್ಮ ವ್ರತದಲ್ಲವಳೆ ಅಂತ ಅವರೇ ಏನೋ ಬೇಯಿಸ್ಕೋತಾರೆ. ಪುಣ್ಯನೂ ಬಂತು, ಬೆನ್ನಿಗೆ ವಿಶ್ರಾಂತಿನೂ ಬಂತು. ಇದನ್ನ ನಮ್ಮೆಜಮಾನರ ಹತ್ರ ಹೇಳಬೇಡಿ ಮತ್ತೆ."

ಪದ್ಮಾವತಮ್ಮನಿಗೆ ಎಂಬತ್ತರ ಹತ್ತಿರ. "ನಮ್ಮತ್ತೆ ಹಿಡಿಸಿದ್ದು ಕಣಪ್ಪ. ಅವಳು ಸತ್ತು ಯಾವ ಕಾಲ ಆಯ್ತು. ಬಿಡೋಣ ಅಂದ್ರೆ ಕನಸಲ್ಲಿ ಬಂದು ನಿಂತ್ಕೋತಾಳೆ. ಬದುಕಿದ್ದಾಗಲೇ ಎದುರಾಡಿಲ್ಲ, ಈಗ ಆಡ್ತೀನಾ?"

ಹಿಂದಿದ್ದ ಇನ್ನೊಬ್ಬಳು, "ನೋಂಪಿ ಇಲ್ಲದಿದ್ರೆ ಹೊಸ ಸೀರೆ ಉಡೋದು ಯಾವಾಗ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ.

ಒಬ್ಬೊಬ್ಬಳದು ಒಂದೊಂದು ಕಾರಣ! ಇಷ್ಟು ವರ್ಷ ಇವರಿಗೆಲ್ಲ ಕೊಡ ಕೊಳಗ ಮಾರಿದ್ದೇನೆ, ಒಬ್ಬರದೂ ಗೊತ್ತಿರಲಿಲ್ಲ. ಜಯದೇವಪ್ಪನಿಗೆ ಇದೆ. ನಾಳೆ ಇನ್ನೂ ನಾಲ್ಕು ಮನೆಗೆ ಹೋಗಬೇಕು. ಸೇಡಿಗೆ ಸರಿಯಾದ ತಯಾರಿ ಬೇಕು.

ಆಗಸ್ಟ್ 2

ಆ ಒಂದು ಪುಟ ಹೇಗೋ ತುಂಬಿಸಿ, ಅರಸೀಕೆರೆಗೆ ಹೋಗಿ ಅರ್ಜಿಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಹೇಗೂ ರೈಲಿನಲ್ಲಿ ಬಂದ ಸ್ಟೀಲು ಪಾತ್ರೆಯ ಪೆಟ್ಟಿಗೆ ಬಿಡಿಸಿಕೊಳ್ಳಬೇಕಿತ್ತು. ಈಗ ಹಿತ್ತಾಳೆ ಯಾರಿಗೂ ಬೇಡ, ಎಲ್ಲರಿಗೂ ಸ್ಟೀಲೇ ಆಗಬೇಕು.

ವಾಪಸ್ಸು ಬಂದು ಮದುವೆಯ ಆರ್ಡರಿಗೆ ಲೋಟಗಳ ಮೇಲೆ ಹೆಸರು ಹಾಕುತ್ತಾ ಕೂತೆ. ಉಳಿ ಇಡು, ಸುತ್ತಿಗೆ ತಟ್ಟು, ಚುಕ್ಕಿ. ಉಳಿ ಇಡು, ತಟ್ಟು, ಚುಕ್ಕಿ. ಚುಕ್ಕಿ ಸೇರಿ ಅಕ್ಷರ. ಅಕ್ಷರ ದುಂಡಗೆ ಬರಬೇಕಾದರೆ ಸಿಟ್ಟಿನಲ್ಲಿ ತಟ್ಟಬಾರದು. ಇವತ್ತು ಏಳು ಲೋಟ ತೂತಾದವು.

ಆಗಸ್ಟ್ 27

ದಶಲಕ್ಷಣ ಪರ್ವ ಶುರು. ಹತ್ತು ದಿನ, ಹತ್ತು ಗುಣ. ಮೊದಲನೇ ದಿನ ಉತ್ತಮ ಕ್ಷಮೆ. ಪಂಡಿತರು ಬಸದಿಯಲ್ಲಿ ಕ್ಷಮೆಯ ಬಗ್ಗೆ ಹೇಳುತ್ತಿದ್ದರು. ನಾನು ಕಂಬಕ್ಕೆ ಒರಗಿ ಮನಸ್ಸಿನಲ್ಲೇ ಎಂಬತ್ನಾಲ್ಕನೇ ಪುಟ ಓದಿಕೊಳ್ಳುತ್ತಿದ್ದೆ.

ಮನೆಗೆ ಬಂದರೆ ಇಂಟರ್‌ವ್ಯೂ ಕಾರ್ಡು! ಸೆಪ್ಟೆಂಬರ್ ಏಳು. ಪಂಚಾಂಗ ನೋಡಿದೆ. ಆವತ್ತು ಕ್ಷಮಾವಣಿ. ಪರ್ವ ಮುಗಿದ ಮೇಲೆ ಊರಿನವರೆಲ್ಲ ಒಬ್ಬರಿಗೊಬ್ಬರು ಕೈ ಮುಗಿದು, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ.

ಇರಲಿ. ಅವನೇನು ಜೈನನೇ, ಕೇಳುವುದಕ್ಕೆ? ನಾನಂತೂ ಕೇಳುವುದಿಲ್ಲ. ವರ್ಷಕ್ಕೆ ಒಂದು ದಿನ ನನಗೆ ರಜಾ.

ಸೆಪ್ಟೆಂಬರ್ 1

ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. "ಯಾರ ಮನೆಯ ಅನ್ನ" ಅನ್ನುವಲ್ಲಿ ಬಲಗೈ ಎತ್ತಬೇಕು. ಪರ್ವದ ದಿನಗಳಲ್ಲವೇ, ಸಂಜೆ ಬೇಗ ಉಂಡುಬಿಡುತ್ತಿದ್ದೇನೆ. ಹಸಿವು ಜಾಸ್ತಿ, ಬೇರೇನಲ್ಲ.

ಸೆಪ್ಟೆಂಬರ್ 5

ಹೇಗೆ ಬರೆಯಲಿ.

ಇವತ್ತು ಅನಂತ ನೋಂಪಿ. ಕಾಂಚನಮಾಲಾ ಇದ್ದಾಗ ಇಲ್ಲೇ ಮಾಡುತ್ತಿದ್ದರು ಅಂತ ತ್ರಿಶಲಾ ಬೇಲೂರಿಂದ ಬಂದಿದ್ದಳು. ಪೂಜೆ ಮುಗಿಯಿತು. ಅವಳು ಅಡುಗೆಮನೆಯಲ್ಲಿ ಕೂತು ಹೂವು ಬಿಡಿಸುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತು, "ನಾಡಿದ್ದು ಏನು ಹೇಳ್ತೀನಿ ಗೊತ್ತಾ, ಕೇಳು" ಅಂತ ಇಡೀ ಭಾಷಣ ಒಪ್ಪಿಸಿದೆ. ಆ ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಗಂಡ ಅಂಗಡಿ ಸಾಕುತ್ತಾನೆ, ಅವಳು ಉಪವಾಸ ಸಾಕುತ್ತಾಳೆ. ಸಂಜೆಯಾದರೆ ಇಬ್ಬರೂ...

ತ್ರಿಶಲಾ ಕಿಸಕ್ಕನೆ ನಕ್ಕುಬಿಟ್ಟಳು.

"ಯಾಕೆ?"

"ಅಯ್ಯೋ ಭಾವ, ಇದು ಅಕ್ಕನ ಮಾತಲ್ವಾ!"

"ಯಾವ ಅಕ್ಕ?"

"ನಂಗೆ ಎಷ್ಟು ಜನ ಅಕ್ಕಂದಿರು? ನಾನು ಇಲ್ಲೇ ಕೂತಿದ್ದೆ, ಹೆಸರುಕಾಳು ಆರಿಸ್ತಾ. ಆ ಹುಡುಗ ನೀವು ನಿಂತಿದ್ದೀರಲ್ಲ, ಅಲ್ಲೇ ಕೂತಿದ್ದ. ಇಷ್ಟೊಂದು ವ್ರತ ಯಾಕಮ್ಮ ಅಂತ ಕೇಳಿದ. ಅಕ್ಕ ಪಟ್ಟನೆ ಹಿಂಗೇ ಹೇಳಿದ್ಲು, ಇದೇ ಮಾತು. ಅವನು ನಗಲೇ ಇಲ್ಲ, ಬರ್ಕೊಂಡ. ನಗ್ರೀ, ತಮಾಷೆಗಂದೆ ಅಂತ ಅಕ್ಕನೇ ಹೇಳಬೇಕಾಯ್ತು."

"ನನಗ್ಯಾಕೆ ಹೇಳಲಿಲ್ಲ ಅವಳು? ಇಷ್ಟು ವರ್ಷ?"

ತ್ರಿಶಲಾ ನಗು ನಿಲ್ಲಿಸಿದಳು. ಹೂವಿನ ಕಡೆ ನೋಡುತ್ತಾ ಹೇಳಿದಳು: "ಅವನು ಕೇಳಿದ ಭಾವ."

ಸೆಪ್ಟೆಂಬರ್ 6, ಅರಸೀಕೆರೆ ಸ್ಟೇಷನ್

ರೈಲು ತಡ. ಹೋಗಬೇಕೋ ಬೇಡವೋ ಅಂತ ಎರಡು ಸಲ ಬಸ್ಸಿನಿಂದ ಇಳಿಯಲು ಹೋದೆ.

ಈಗ ಯಾರ ಮೇಲೆ ಸಿಟ್ಟು ಮಾಡಲಿ? ಅವಳ ಮೇಲೇ ಮಾಡಿದೆ, ಜಾವಗಲ್ಲಿನಿಂದ ಇಲ್ಲಿಯ ತನಕ. ಯಾರೋ ಪರವೂರಿನ ಹುಡುಗನಿಗೆ ಹೇಳುತ್ತಾಳೆ, ನನಗೆ ಹೇಳುವುದಿಲ್ಲ. ಆಮೇಲೆ ನೋಡಿದರೆ ಮಾತು ಚೆನ್ನಾಗಿದೆ. ಬಹಳ ಚೆನ್ನಾಗಿದೆ. ನಾನು ಇಂಥ ಒಂದು ಮಾತು ಈ ಜನ್ಮದಲ್ಲಿ ಆಡಿಲ್ಲ. ಅಂಗಡಿಯನ್ನು ಮಲಗಿಸುವುದು! ನಾನು ಬೀಗ ಹಾಕಿ ಎರಡು ಸಲ ಎಳೆದು ನೋಡುತ್ತೇನಲ್ಲ, ಅದನ್ನು ನೋಡಿಯೇ ಹೇಳಿದ್ದಾಳೆ.

ಪುಸ್ತಕ ಮತ್ತೆ ಬಿಚ್ಚಿದೆ. ಆ ಸಾಲಿನ ಹಿಂದೆ ಮುಂದೆ ಓದಿದೆ. ಅವಳು ಹೇಳಿದಳು ಅಂತ ಎಲ್ಲೂ ಇಲ್ಲ. ತಾನೇ ಯೋಚನೆ ಮಾಡಿ ಕಂಡುಹಿಡಿದ ಹಾಗೆ ಬರೆದುಕೊಂಡಿದ್ದಾನೆ. ಪುಸ್ತಕವೆಲ್ಲಾ ಹುಡುಕಿದೆ. ಪಾತ್ರೆ ಅಂಗಡಿಯವನ ಹೆಂಡತಿ, ಪಾತ್ರೆ ಅಂಗಡಿಯವನ ಹೆಂಡತಿ. ಹೆಸರೇ ಇಲ್ಲ.

ಕಳ್ಳ!

ಬಂತು ನೋಡು, ಸಿಟ್ಟು ವಾಪಸ್ಸು ಬಂತು. ರೈಲೂ ಬಂತು.

ಸೆಪ್ಟೆಂಬರ್ 7

ಎಲ್ಲಾ ಬರೆದಿಡುತ್ತೇನೆ, ಆಮೇಲೆ ಮರೆತರೆ ಕಷ್ಟ.

ಹೊರಗೆ ಬೆಂಚಿನಲ್ಲಿ ಹುಡುಗ ಹುಡುಗಿಯರು. ನನ್ನನ್ನು ಯಾರದೋ ತಂದೆ ಅಂದುಕೊಂಡು ಜಾಗ ಬಿಟ್ಟುಕೊಟ್ಟರು. ಒಬ್ಬ ಹುಡುಗಿ, "ನಿಮ್ಮ ಮಗಳು ಒಳಗಿದ್ದಾಳಾ ಅಂಕಲ್?" ಅಂದಳು. ಜವಾನ ನನ್ನ ಹೆಸರು ಕೂಗಿದಾಗ ನಾನೇ ಎದ್ದದ್ದು ನೋಡಿ ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಒಳಗೆ ಮೂವರು. ನಡುವೆ ಜಯದೇವಪ್ಪ, ಕೂದಲು ಹಿಂದಕ್ಕೆ ಹೋಗಿದೆ. ಎಡಕ್ಕೆ ಒಬ್ಬ ಹೆಂಗಸು, ಮೇಡಂ. ಬಲಕ್ಕೆ ಒಬ್ಬ ಮುದುಕರು. ಅವನು ಅರ್ಜಿ ನೋಡಿದ, ನನ್ನನ್ನು ನೋಡಿದ, ಎದ್ದೇಬಿಟ್ಟ.

"ನೇಮಿರಾಜಯ್ಯನೋರೇ! ಹೆಸರು ನೋಡಿದೆ, ಬೇರೆ ಯಾರೋ ಅಂದ್ಕೊಂಡೆ. ಅಮ್ಮ ಹೇಗಿದ್ದಾರೆ?"

ಇದಕ್ಕೆ ನಾನು ತಯಾರಿ ಮಾಡಿಕೊಂಡಿರಲಿಲ್ಲ.

"ಹೋದ ಕಾರ್ತೀಕದಲ್ಲಿ ಹೋದಳು."

ಅವನು ಕೂತುಕೊಂಡ. ಮೇಡಂ ಫ್ಯಾನಿನ ಕಡೆ ನೋಡಿದರು. ನಾನು ಹೆಚ್ಚು ಹೊತ್ತು ಸುಮ್ಮನಿದ್ದರೆ ಕೆಟ್ಟೆ ಅಂತ ಚೀಲದಿಂದ ಪುಸ್ತಕ ತೆಗೆದು, ಗುರುತಿಟ್ಟ ಪುಟ ಬಿಚ್ಚಿ ಓದಿದೆ. ಇಂಗ್ಲಿಷಿನಲ್ಲೇ. ಉಚ್ಚಾರ ಹೇಗಿತ್ತೋ, ಧ್ವನಿ ಮಾತ್ರ ಹೊರಗಿನ ಬೆಂಚಿಗೂ ಕೇಳುವ ಹಾಗಿತ್ತು.

"ಇದು ಯಾರ ಮಾತು ಸಾರ್?"

ಅವನು ಒಂದು ಗಳಿಗೆಯೂ ತಡಮಾಡಲಿಲ್ಲ. ಅದಕ್ಕೆ ಮಾತ್ರ ಅವನನ್ನು ಮೆಚ್ಚಬೇಕು. "ಅಮ್ಮನದು."

"ಹಾಗಂತ ಎಲ್ಲಿ ಬರೆದಿದೆ?"

"ನಮ್ಮ ಶಾಸ್ತ್ರದಲ್ಲಿ ಹೆಸರು ಹಾಕೋದಿಲ್ಲ ನೇಮಿರಾಜಯ್ಯನೋರೆ. ಹೇಳಿದವರಿಗೆ ಮುಂದೆ ತೊಂದರೆ ಆಗಬಾರದು ಅಂತ ನಿಯಮ."

ಬಲಗೈ ಎತ್ತುವುದು ಮರೆತೇಹೋಯಿತು. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು.

"ನಂದು ಪಾತ್ರೆ ಅಂಗಡಿ ಸಾರ್. ಒಂದು ಚಮಚ ತಗೊಂಡರೂ ಹೆಸರು ಹಾಕಿ ಕೊಡ್ತೀನಿ. ಯಾಕೆ? ಹೆಸರಿಲ್ಲದ ಪಾತ್ರೆ ಮದುವೆ ಮನೆಗೆ ಹೋದರೆ ವಾಪಸ್ಸು ಬರೋದಿಲ್ಲ. ಯಾರ ಕೈಗೆ ಸಿಕ್ಕಿತೋ ಅವರದು. ಇದು ನಮ್ಮ ಶಾಸ್ತ್ರದ ನಿಯಮ. ನಮ್ಮ ಮನೆ ಪಾತ್ರೆ ತಂದು ನಿಮ್ಮ ಮನೇಲಿ ಇಟ್ಟುಕೊಂಡಿದ್ದೀರಿ. ಅವಳೇನು ಹೆಸರು ಹಾಕಬೇಡಿ ಅಂದಿದ್ದಳಾ?"

ಮುದುಕರು ಏನೋ ಹೇಳಲು ಹೋದರು. ಜಯದೇವಪ್ಪ ಕೈ ಅಡ್ಡ ಹಿಡಿದು ಅವರನ್ನು ತಡೆದ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಇಲ್ಲ" ಅಂದ. "ಪುಸ್ತಕದಲ್ಲಿ ನನ್ನ ಹೆಸರು ಬರುತ್ತಾ ಅಂತ ಅಮ್ಮನೇ ಕೇಳಿದ್ದರು."

"ಏನಂದಿರಿ?"

"ಬರುತ್ತೆ ಅಂದೆ."

ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

ಅವನು ಮತ್ತೆ ಎದ್ದ, ಮೇಜು ಬಳಸಿಕೊಂಡು ಈಚೆಗೆ ಬಂದು ಕೈ ಮುಗಿದ. "ಇವತ್ತು ಕ್ಷಮಾವಣಿ ಅಂತ ನನಗೆ ಗೊತ್ತು. ತಪ್ಪಾಗಿದೆ. ಕ್ಷಮಿಸಬೇಕು."

ನೋಡಿ ಅನ್ಯಾಯ! ನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದು ಎಲ್ಲಾ ಕಲಿತುಕೊಂಡು, ಈಗ ನನ್ನ ಧರ್ಮವನ್ನೇ ನನಗೆ ಅಡ್ಡ ಹಿಡಿಯುತ್ತಾನೆ. ಕೇಳಿದವನಿಗೆ ಇಲ್ಲ ಅನ್ನುವ ಹಾಗಿಲ್ಲ. ಅಷ್ಟೇ ಅಲ್ಲ, ನಾನೂ ತಿರುಗಿ ಕೇಳಬೇಕು. ಹಲ್ಲು ಕಚ್ಚಿಕೊಂಡೇ ಕೇಳಿದೆ, ನಿಮ್ಮನ್ನು ಮನಸ್ಸಿನಲ್ಲಿ ಬೇಕಾದಷ್ಟು ಬೈದಿದ್ದೇನೆ, ಕ್ಷಮಿಸಿ ಅಂತ. ಆಮೇಲೆ ಹೇಳಿದೆ:

"ನನ್ನ ಪಾಲಿನ ಕ್ಷಮೆ ಕೊಟ್ಟಿದ್ದೇನೆ ಸಾರ್. ಅವಳ ಪಾಲಿನದು ನನ್ನ ಹತ್ತಿರ ಇಲ್ಲ."

ಅವನು ತಲೆ ಆಡಿಸಿದ, ಹೋಗಿ ಕೂತ.

ಆಗ ಮೇಡಂ ಕೇಳಿದರು, "ಮತ್ತೆ ಈ ಕೋರ್ಸಿಗೆ ಯಾಕೆ ಅರ್ಜಿ ಹಾಕಿದಿರಿ? ಇದನ್ನ ಕೇಳೋದಕ್ಕೆ ಅಷ್ಟೇನಾ?"

"ಅಲ್ಲ ಮೇಡಂ. ಮೊದಲನೇ ಬೆಂಚಿನಲ್ಲಿ ಕೂತು ಎರಡು ವರ್ಷ ಇವರ ಪ್ರಾಣ ತಿನ್ನೋದಕ್ಕೆ."

ಮೇಡಂ ನಕ್ಕರು, ಮುದುಕರೂ ನಕ್ಕರು. "ಪ್ರಾಣ ತಿನ್ನೋದಕ್ಕೆ ಸಾಮಗ್ರಿ ಬೇಕಲ್ಲ?" ಅಂದರು ಮೇಡಂ. ಇದೆ ಅಂದೆ. ಪುಸ್ತಕದಲ್ಲಿ ಇನ್ನೂ ಏನೇನು ತಪ್ಪಿದೆ ಅಂತ ತೋರಿಸುವುದಕ್ಕೆ ರತ್ನಪ್ರಭಾಳ ವಿಷಯ ಹೇಳಿದೆ, ಅವಳ ಯಜಮಾನರಿಗೆ ತಿಳಿಯಬಾರದು ಅಂತಲೂ ಹೇಳಿದೆ. ಪದ್ಮಾವತಮ್ಮನ ಅತ್ತೆ, ಹೊಸ ಸೀರೆ, ಬಸ್ತಿಹಳ್ಳಿಯ ಆ ಇನ್ನೂ ನಾಲ್ಕು ಮನೆ. ಮೇಡಂ ಬರೆದುಕೊಳ್ಳುತ್ತಿದ್ದರು. ಮೊದಲು ಹೆಸರು ಬರ್ಕೊಳ್ಳಿ ಮೇಡಂ ಅಂದೆ. ರತ್ನಪ್ರಭಾಳದು ಬೇಡ, ಅವಳನ್ನು ಕೇಳಿಕೊಂಡು ಹೇಳುತ್ತೇನೆ ಅಂದೆ. ಎಷ್ಟು ಹೊತ್ತಾಯಿತೋ, ಹೊರಗಿನ ಹುಡುಗರು ಬಾಗಿಲು ತಟ್ಟಿದಾಗಲೇ ಗೊತ್ತಾದದ್ದು.

ಸಮಾಜ ಎಂದರೇನು ಅಂತ ಒಬ್ಬರೂ ಕೇಳಲಿಲ್ಲ. ಅದಕ್ಕೆ ಉತ್ತರ ಉರು ಹೊಡೆದುಕೊಂಡು ಹೋಗಿದ್ದೆ. ದಂಡ.

ಸೆಪ್ಟೆಂಬರ್ 25

ಕಾರ್ಡು ಬಂತು. ಸೀಟು ಸಿಕ್ಕಿದೆ.

ಮರುಳಪ್ಪನಿಗೆ ತೋರಿಸಿದೆ. ತಾನೇ ಕೊಟ್ಟ ಐಡಿಯಾ ಅಂತ ಅವನಿಗೆ ನೆನಪೇ ಇಲ್ಲ.

"ಬುದ್ಧಿ ಐತೇನ್ಲಾ ನಿಂಗೆ? ಈ ವಯಸ್ನಾಗೆ ಹುಡುಗ್ರ ಜೊತೆ ಹಾಸ್ಟಲ್ಲಾ? ಅಂಗಡಿ ಗತಿ?"

"ಶನಿವಾರ ಭಾನುವಾರ ತೆಗೀತೀನಿ. ಉಳಿದ ದಿನ ಮಗು ಮಲಗಿರಲಿ."

"ಯಾವ ಮಗು?"

ಹೇಳಿದೆ. ಇದು ಕಾಂಚನಮಾಲಾಳ ಮಾತು ಅಂತಲೂ ಹೇಳಿದೆ. ಅವನು ಒಲೆಯ ಉರಿ ತಗ್ಗಿಸಿ, "ಆಯಮ್ಮ ಹಂಗೆ ಮಾತಾಡ್ತಿದ್ರಾ? ನಮ್ಮೆದ್ರಿಗೆ ಒಂದ್ಸಲನೂ ಬಾಯಿ ಬಿಡ್ಲಿಲ್ಲವಲ್ಲೋ" ಅಂದ. ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ತ್ರಿಶಲಾ ಹಾಸಿಗೆ ಸುತ್ತಿಟ್ಟಿದ್ದಾಳೆ. ಹಾಸ್ಟೆಲಿನಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಹಾಕುತ್ತಾರಾ ಅಂತ ವಿಚಾರಿಸಿದೆ. ಸುಮ್ಮನೆ, ತಿಳಿದಿರಲಿ ಅಂತ. ಹೋಗುತ್ತಿರುವುದು ಮಾತ್ರ ಸೇಡಿಗೇ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದೇನೆ.

ಅಕ್ಟೋಬರ್ 12, ಅರಸೀಕೆರೆ ಸ್ಟೇಷನ್

ವಾರ ಮುಗಿಸಿ ಊರಿಗೆ ಹೊರಟಿದ್ದೇನೆ. ಬಸ್ಸಿಗೆ ಹೊತ್ತಿದೆ. ಬಿಸಿಲು ಇರುವಾಗಲೇ ಕಟ್ಟಿಸಿಕೊಂಡು ಬಂದ ಚಿತ್ರಾನ್ನ ಮುಗಿಸಿ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನೆ ಜಯದೇವಪ್ಪನ ಮೊದಲ ಕ್ಲಾಸು. ನಾನು ಅರ್ಧ ಗಂಟೆ ಮುಂಚೆ ಹೋಗಿ ಮೊದಲನೇ ಬೆಂಚಿನ ನಡುಮಧ್ಯೆ ಕೂತೆ. ಹಾಜರಿ ಕೂಗಿದ. ನನ್ನ ಹೆಸರು ಬಂದಾಗ ಎದ್ದು ನಿಂತು 'ಪ್ರೆಸೆಂಟ್ ಸಾರ್' ಅಂದೆ. ಹುಡುಗರು ನಕ್ಕರು. ಈಗ ಯಾರೂ ಎದ್ದು ನಿಲ್ಲುವುದಿಲ್ಲವಂತೆ.

ಅವನು ಜನರ ಮಾತನ್ನು ಕೇಳುವುದು ಹೇಗೆ ಅನ್ನುವ ಪಾಠ ಶುರು ಮಾಡಿದ. ಸ್ವಲ್ಪ ಹೊತ್ತಿಗೆ, "ಒಂದು ಉದಾಹರಣೆ ಕೊಡ್ತೀನಿ, ಬರ್ಕೊಳ್ಳಿ" ಅಂದು ಆ ಸಾಲು ಹೇಳಿದ, ಕನ್ನಡದಲ್ಲಿ. ಗಂಡ ಅಂಗಡಿ ಸಾಕುತ್ತಾನೆ. ಹಿಂದೆ ಪೆನ್ನುಗಳ ಸದ್ದು. ನಾನು ಮುಷ್ಟಿ ಬಿಗಿ ಹಿಡಿದು ಕಾಯುತ್ತಿದ್ದೆ. ಅವನು ಸಾಲು ಮುಗಿಸಿದ, ನನ್ನನ್ನು ನೋಡಲಿಲ್ಲ, ಕಿಟಕಿ ನೋಡಿದ.

"ಇದನ್ನ ನಾನು ನನ್ನ ಪುಸ್ತಕದಲ್ಲಿ ನನ್ನ ಮಾತಿನ ಹಾಗೆ ಬರೆದಿದ್ದೀನಿ. ನನ್ನದಲ್ಲ. ಹೇಳಿದವರು ಹಳೇಬೀಡಿನ ಕಾಂಚನಮಾಲಾ ಅವರು. ಹೆಸರು ಬರ್ಕೊಳ್ಳಿ."

ಹಿಂದಿನ ಬೆಂಚಿನಿಂದ ಒಂದು ಹುಡುಗಿ, ಇಂಟರ್‌ವ್ಯೂ ದಿನ ನನ್ನ ಮಗಳನ್ನು ಕೇಳಿದವಳೇ, "ಏನ್ ಹೆಸರು ಸರ್? ಸರಿಯಾಗಿ ಕೇಳಿಸ್ಲಿಲ್ಲ, ಬೋರ್ಡ್ ಮೇಲೆ ಬರೀರಿ" ಅಂದಳು.

ಜಯದೇವಪ್ಪ ಸೀಮೆಸುಣ್ಣ ಎತ್ತಿಕೊಂಡ. ಬೋರ್ಡಿನ ತನಕ ಹೋದ. ತಿರುಗಿ ಬಂದು ಅದನ್ನು ನನ್ನ ಬೆಂಚಿನ ಮೇಲಿಟ್ಟ.

ಎದ್ದು ಹೋದೆ. ಲೋಟದ ಮೇಲೆ ಹಾಕಿ ಅಭ್ಯಾಸವಾದ ಕೈ, ಗೀಟು ಎಳೆಯುವುದಕ್ಕೇ ಬರಲಿಲ್ಲ. ಚುಕ್ಕಿ ಇಟ್ಟು ಚುಕ್ಕಿ ಇಟ್ಟು ಬರೆದೆ. ಟಕ್ ಟಕ್ ಅಂತ ಇಡೀ ಕ್ಲಾಸಿಗೆ ಕೇಳುತ್ತಿತ್ತು. ಯಾರೂ ನಗಲಿಲ್ಲ. ಬೋರ್ಡು ದೊಡ್ಡದಿತ್ತು, ನಾನೂ ದೊಡ್ಡದಾಗಿಯೇ ಬರೆದೆ, ಈ ತುದಿಯಿಂದ ಆ ತುದಿಗೆ. ಅವನು ಪಾಠಕ್ಕೆ ಬೇಕಾದ ಬೇರೇನನ್ನೂ ಬರೆಯುವುದಕ್ಕೆ ಜಾಗವೇ ಉಳಿಯಲಿಲ್ಲ. ಗಂಟೆ ಹೊಡೆಯುವ ತನಕ ಆ ಹೆಸರಿನ ಮುಂದೆ ನಿಂತೇ ಪಾಠ ಮಾಡಿದ.

ಮುಂದಿನ ಪೀರಿಯಡ್ಡಿಗೆ ಇಂಟರ್‌ವ್ಯೂನಲ್ಲಿ ಕೂತಿದ್ದ ಮುದುಕ ಮೇಷ್ಟ್ರು ಬಂದು ಒರೆಸುವುದಕ್ಕೆ ಡಸ್ಟರ್ ಹುಡುಕಿದರು. ಮೇಜಿನ ಮೇಲೆ ಇಲ್ಲ, ಕೆಳಗೂ ಇಲ್ಲ. ಜವಾನನನ್ನು ಕರೆದು ಬೈದರು. ಕೊನೆಗೆ ಹಾಗೇ ಬಿಟ್ಟು ಬಾಯಲ್ಲೇ ಪಾಠ ಮಾಡಿ ಹೋದರು.

ಡಸ್ಟರ್ ನನ್ನ ಚೀಲದಲ್ಲಿತ್ತು. ಈಗಲೂ ಇದೆ. ಸೋಮವಾರ ಕೊಡಬೇಕೋ ಬೇಡವೋ ಇನ್ನೂ ತೀರ್ಮಾನ ಮಾಡಿಲ್ಲ.